ಹೊಟ್ಟೆ ಮುಚ್ಚದ ಕೌದಿ

ಗೆಳತಿಯ ಬಲಗೈಗೆ ಲಕ್ವ ಹೊಡೆದಾಗ ಅವಳು ಒಂದು ಕೌದಿ ಹೊಲಿಯುತ್ತಿದ್ದಳು. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ಒಳಗೆ ಬಂದು, ನಡುವೆ ಅಂಗೈಯಗಲದ ತುಂಡಿನ ಒಂದು ಬದಿ ಮಾತ್ರ ಉಳಿದಿತ್ತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನೀರು ಕುಡಿಯಲು ಎದ್ದವಳು ಅಲ್ಲೇ ಕುಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ತೊದಲುತ್ತಿದ್ದ ಮಾತು ಮೊದಲಿಗಿಂತ ಚೂಪಾಗಿಯೇ ವಾಪಸಾಯಿತು. ಬಲಗೈ ಮಾತ್ರ ಬರಲಿಲ್ಲ. ಸೂಜಿ ಚುಚ್ಚಿದಲ್ಲೇ ಇತ್ತು.

ಅವಳು ಯಲ್ಲಾಪುರ ತಾಲೂಕಿನ ಸಿದ್ದಿ ಹೆಂಗಸು. ನಾನು ಶಿರಸಿ ಪೇಟೆಯ ಟೇಲರ್ ಮಗಳು. ಅಪ್ಪನ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಾವಿಬ್ಬರೂ ಸೇರಿ ಪುಟ್ಟದೊಂದು ವಸ್ತ್ರವಿನ್ಯಾಸದ ಸ್ಟುಡಿಯೋ ನಡೆಸುತ್ತೇವೆ. ಹಳೆ ಹತ್ತಿ ಬಟ್ಟೆ ಕೂಡಿಸುವುದು, ಕೊಳ್ಳುವವರ ಜತೆ ಮಾತಾಡುವುದು ನನ್ನ ಪಾಲು. ಊರಿನ ಹೆಂಗಸರನ್ನು ಕೂರಿಸಿಕೊಂಡು ಕೌದಿ ಹೊಲಿಸುವುದು ಅವಳ ಪಾಲು. ನಮ್ಮಲ್ಲಿ ಒಂದೇ ಕರಾರು: ಯಾರು ಹೊಲಿಯುತ್ತಾಳೋ ಬಣ್ಣದ ಆಯ್ಕೆ ಅವಳದ್ದು, ಕೌದಿಯ ಬೆನ್ನಿನ ಮೇಲೆ ಹೆಸರೂ ಅವಳದ್ದೇ. ವಿನ್ಯಾಸ ಕಲಿತು ಬಂದವಳು ಅಂತ ನಾನೇನಾದರೂ ಬಾಯಿ ಹಾಕಿದರೆ, "ಏ ಟೇಲರ್ ಮಗಳೇ, ನಿನ್ನ ಟೇಪು ಕೊರಳಿಗೇ ಇರ್ಲಿ, ನನ್ನ ಕೌದಿಗೆ ಬೇಡ" ಎನ್ನುತ್ತಿದ್ದಳು.

ಸಿದ್ದಿಗಳ ಕೌದಿಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೂಲೆಯಿಂದ ಚಿಂದಿ ಇಡುತ್ತ ಹೋಗುತ್ತಾರೆ. ಚಿಂದಿಯ ಅಂಚನ್ನು ಉಗುರಿನಿಂದ ಒಳಗೆ ಮಡಿಸಿ, ದಪ್ಪ ದಾರದಲ್ಲಿ ಒಮ್ಮೆ ಒಳಗೆ ಒಮ್ಮೆ ಹೊರಗೆ ಸೂಜಿ ಓಡಿಸುವ ಸಾದಾ ಹೊಲಿಗೆ. ನಕ್ಷೆ ಇಲ್ಲ, ಪೆನ್ಸಿಲ್ ಗೆರೆ ಇಲ್ಲ. ಮೂಲೆಗಳಲ್ಲಿ ಚಿಂದಿಯನ್ನೇ ಮುಮ್ಮೂಲೆಯಾಗಿ ಮಡಿಸಿ ಹೂವು ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಲೆಕ್ಕ. ಕಟ್ಟಕಡೆಗೆ ಉಳಿಯುವ ನಡುವಿನ ಜಾಗ ಕೌದಿಯ ಹೊಟ್ಟೆ. ಅಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿ ಕೊನೆಯ ತುಂಡು ಮುಚ್ಚುತ್ತಾರೆ. ಹೊಟ್ಟೆ ತುಂಬಿದ ಕೌದಿ ಹೊದ್ದವರು ಹಸಿದು ಮಲಗುವುದಿಲ್ಲ ಎನ್ನುವುದು ಅವರ ನಂಬಿಕೆ. ಹೊಲಿದವಳೇ ಮುಚ್ಚಬೇಕು ಎನ್ನುವುದು ನನ್ನ ಗೆಳತಿಯ ಹಟ.

ಶಿರಸಿಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಬ್ಬರಿದ್ದಾರೆ. ಹಾಗಾಗಿ ಮಳೆಗಾಲವಿಡೀ ಗೆಳತಿ ಅಂಗಡಿಯ ಹಿಂದಿನ ನನ್ನ ಮನೆಯಲ್ಲೇ ಉಳಿದಳು. ಬರುವಾಗ ಒಂದು ತಗಡಿನ ಪೆಟ್ಟಿಗೆ ತಂದಿದ್ದಳು. ಅದರೊಳಗೆ ಆ ಕೌದಿ.

"ಅದನ್ನ ಕೊಡು, ನಿನ್ನ ಅತ್ತಿಗೆ ಹತ್ರ ಮುಚ್ಚಿಸಿ ತರ್ತೇನೆ" ಎಂದೆ ಒಂದು ದಿನ. ಕೇಳಿದ್ದೇ ತಪ್ಪಾಯಿತು.

"ನನ್ನ ಕೈ ಸತ್ತಿಲ್ಲ, ಮಲಗಿದೆ ಅಷ್ಟೇ. ಎದ್ದ ದಿನ ನಾನೇ ಮುಚ್ತೇನೆ. ಅಲ್ಲೀವರೆಗೆ ಯಾರಾದ್ರೂ ಮುಟ್ಟಿದ್ರೆ ನೋಡು ಮತ್ತೆ!"

ನನಗೂ ಅದೇ ಬೇಕಿತ್ತು. ಅವಳಿಗಿಂತ ಹೆಚ್ಚಾಗಿ ನನಗೇ ಬೇಕಿತ್ತೋ ಏನೋ. ಹೊಲಿಯುವಾಗ ಬೇರೆ ಹೆಂಗಸರು ಹಾಡು ಹೇಳಿಕೊಳ್ಳುತ್ತಾರೆ, ಇವಳು ಬಟ್ಟೆಗೆ ಬೈಯುತ್ತಿದ್ದಳು. ಜಾರುವ ಪಾಲಿಸ್ಟರ್ ಸಿಕ್ಕಿದರಂತೂ ಅದರ ವಂಶವನ್ನೇ ಎಳೆದು ತರುತ್ತಿದ್ದಳು. ಆ ಬೈಗುಳ ನಿಂತು ಮಾಳಿಗೆ ಬಿಕೋ ಎನ್ನುತ್ತಿತ್ತು. ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂತು, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಬಿಟ್ಟ ಕೂಡಲೇ ಅವು ಮತ್ತೆ ಮಡಿಸಿಕೊಳ್ಳುತ್ತಿದ್ದವು. ನಾನು ಬೆನ್ನು ತಿರುಗಿಸಿ ಬಟ್ಟೆ ವಿಂಗಡಿಸುತ್ತ ಕೂರುತ್ತಿದ್ದೆ. ಆ ದಿನಗಳಲ್ಲಿ ಅವಳ ಬೈಗುಳಕ್ಕಾಗಿ ನಾನು ಹಂಬಲಿಸಿದಷ್ಟು ಯಾವ ಹೊಗಳಿಕೆಗೂ ಹಂಬಲಿಸಿದವಳಲ್ಲ.

ಮಳೆ ಹಿಂದೆಗೆಯುವ ಹೊತ್ತಿಗೆ ಬೆಂಗಳೂರಿನ ಮಧ್ಯವರ್ತಿಯೊಬ್ಬರ ಫೋನು ಬಂತು. ವಿದೇಶದ ದೊಡ್ಡ ಅಂಗಡಿಯೊಂದಕ್ಕೆ ಕೌದಿ ಬೇಕಂತೆ. ಅವರು ಮೆಚ್ಚಿದ್ದು ಯಾವುದನ್ನು ಎಂದು ಕೇಳಿದರೆ, ಗೆಳತಿಯ ಅದೇ ಕೌದಿಯನ್ನು. ಅವಳು ಹೊಲಿಯುತ್ತಿದ್ದಾಗ ನಾನೇ ತೆಗೆದ ಫೋಟೋ ಎಲ್ಲೆಲ್ಲೋ ತಿರುಗಿ ಅವರ ಕಣ್ಣಿಗೆ ಬಿದ್ದಿತ್ತು. ಸಿದ್ದಾಪುರದ ಟೀಚರೊಬ್ಬರು ತಮ್ಮೂರ ಮನೆಮನೆಗಳಿಂದ ಹಳೆ ಸೀರೆ ಕೂಡಿಸಿ ಕೊಡುತ್ತಾರೆ. ಅದರಲ್ಲಿ ಬಂದಿದ್ದ ತಿಳಿನೀಲಿಯ ನಡುವೆ ಗೆಳತಿ ಅಲ್ಲಲ್ಲಿ ಅರಿಶಿನ ಬಣ್ಣದ ಚೂರುಗಳನ್ನು ಎಸೆದ ಹಾಗೆ ಇಟ್ಟಿದ್ದಳು. ನೋಡಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ.

"ಎಲ್ಲ ಅದೇ ಥರ ಬೇಕು ಮೇಡಂ" ಎಂದರು ಮಧ್ಯವರ್ತಿ.

"ಅದೇ ಥರ ಅಂತ ಇರೋದಿಲ್ಲ. ಒಬ್ಬೊಬ್ಬರದು ಒಂದೊಂದು ಥರ" ಎಂದೆ. ಅದಕ್ಕವರು ಒಪ್ಪಿದರು. ಆಮೇಲೆ ಅವರ ಕರಾರು ಬಂತು.

"ಒಳಗೆ ಬೀಜ, ಕಾಳು, ಹುಲ್ಲು ಏನೂ ಇರಬಾರದು. ಬಂದರಿನಲ್ಲೇ ತಡೀತಾರೆ. ಒಂದು ಕಾಳು ಸಿಕ್ಕಿದ್ರೂ ಇಡೀ ಮಾಲು ವಾಪಸ್."

ಮಳೆಗಾಲ ಮುಗಿದ ಮೇಲೆ ಊರಿನ ಹೆಂಗಸರಿಗೆ ಕೈತುಂಬ ಕೆಲಸ ಬೇಕಿತ್ತು. ನಾನು ಹೂಂ ಎಂದುಬಿಟ್ಟೆ. ಫೋನಿಟ್ಟು ತಿರುಗಿದರೆ ಗೆಳತಿ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದಾಳೆ.

"ಎಂತದಕ್ಕೆ ಹೂಂ ಅಂದೆ?"

ಹೇಳಿದೆ. ಅವಳು ಮತ್ತೆ ಬಲಗೈಯ ಬೆರಳು ಬಿಡಿಸತೊಡಗಿದಳು. ನನಗೆ ಸುಮ್ಮನಿರಲಾಗಲಿಲ್ಲ. "ಅಕ್ಕಿ ಬದಲು ಪ್ಲಾಸ್ಟಿಕ್ ಮಣಿ ಹಾಕಬಹುದಂತೆ, ಅವರೇ ಹೇಳಿದ್ರು" ಎಂದೆ.

"ಪ್ಲಾಸ್ಟಿಕ್ ತಿಂದು ನಿಂಗೆ ಹೊಟ್ಟೆ ತುಂಬ್ತದಾ? ನಾಲ್ಕು ಮೂಲೆಗೆ ಹೂವು, ನಡುವಿಗೆ ಗಾಳಿ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದನ್ನೇ ಹೊಲಿದು ಕಳಿಸು, ಹೋಗು."

ಗಾದೆ ಇಷ್ಟು ಸರಿಯಾಗಿ ಕೂತದ್ದನ್ನು ನಾನು ಇನ್ನೊಮ್ಮೆ ಕಂಡಿಲ್ಲ. ನಗು ಬಂದರೂ ನುಂಗಿಕೊಂಡೆ. ಸಿಟ್ಟೂ ಬಂದಿತ್ತು.

ಬಟ್ಟೆಯ ಕೆಲಸ ಶುರುವಾಯಿತು. ಸೀರೆಯ ಅಂಚಿನಿಂದ ಒಂದೆಳೆ ಎಳೆದು ಬೆಂಕಿಗೆ ಹಿಡಿಯುತ್ತೇನೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಂಟಾದರೆ ಪಾಲಿಸ್ಟರ್. ಹತ್ತಿಯದನ್ನು ಬಿಸಿನೀರು, ಅಂಟುವಾಳದಲ್ಲಿ ನೆನೆಸಿ ಬಣ್ಣ ಬಿಡುವುದು ನಿಲ್ಲುವ ತನಕ ಹಿಂಡಿ, ನೆರಳಲ್ಲಿ ಒಣಗಿಸಬೇಕು. ಆ ವರ್ಷ ಮಳೆ ಹೋದೆ ಹೋದೆ ಎನ್ನುತ್ತಲೇ ಮತ್ತೆ ಬರುತ್ತಿತ್ತು. ಒಣಗಿತು ಎಂದು ಮಡಿಸಿದ ಬಟ್ಟೆಯಲ್ಲಿ ಮುಗ್ಗಲು ವಾಸನೆ. ಮತ್ತೆ ಒಗೆ, ಮತ್ತೆ ಹರವು. ಅಂಗಡಿಯ ಇಸ್ತ್ರಿ ಪೆಟ್ಟಿಗೆಯ ಕೆಂಡ ಆರುವುದಕ್ಕೆ ಬಿಡದೆ ಒತ್ತಿ ಒತ್ತಿ ಒಣಗಿಸಿದೆ. ಗೆಳತಿ ಕುರ್ಚಿಯಲ್ಲೇ ಕೂತು ಎಡಗೈಯಿಂದ ಬಣ್ಣಗಳ ಗಂಟು ಕಟ್ಟಿಸಿದಳು. ಇಂಥವಳಿಗೆ ಕೆಂಪು ಜಾಸ್ತಿ ಕೊಡು, ಇಂಥವಳು ಕಪ್ಪು ಮುಟ್ಟುವುದಿಲ್ಲ, ಹೀಗೆ.

ಗಂಟುಗಳನ್ನು ಹೊತ್ತು ನಾನೇ ಹೋದೆ. ಯಲ್ಲಾಪುರದಿಂದ ಮಾಗೋಡಿನ ದಾರಿ ಹಿಡಿದು, ಬಸ್ಸಿಳಿದು ಕಾಡೊಳಗೆ ಒಂದಷ್ಟು ನಡೆದರೆ ಅವಳ ಊರು. ಜಗಲಿಯಲ್ಲಿ ಹೆಂಗಸರೆಲ್ಲ ಸೇರಿದರು. ಅವರು ನನ್ನನ್ನು ಅಕ್ಕಾ ಎನ್ನುವ ಬದಲು ಆಪಾ ಎನ್ನುತ್ತಾರೆ. ಗೆಳತಿ ಇಲ್ಲದ ಮೇಲೆ ಅಲ್ಲಿಯ ಕೆಲಸ ನೋಡಿಕೊಳ್ಳುವವಳು ಅವಳ ಅತ್ತಿಗೆ. ನಾನು ಬಂದರು, ತಪಾಸಣೆ, ವಾಪಸಾಗುವ ಮಾಲು ಎಲ್ಲ ವಿವರಿಸಿ, ಈ ಸಲ ಅಕ್ಕಿ ಬೇಡ ಎಂದೆ. ಹೆಂಗಸರು ಮುಖ ಮುಖ ನೋಡಿಕೊಂಡರು.

"ಆಯ್ತು ಆಪಾ" ಎಂದಳು ಅತ್ತಿಗೆ.

"ಖರೇನಾ?"

"ಆಯ್ತು ಅಂದ್ನಲ್ಲ ಆಪಾ. ಚಾ ಕುಡೀರಿ."

ಆ ಊರಲ್ಲಿ ಚಾ ಕೊಟ್ಟರು ಅಂದರೆ ಮಾತು ಮುಗಿಯಿತು ಎಂದರ್ಥ, ಒಪ್ಪಿದರು ಎಂದರ್ಥವಲ್ಲ. ಅದು ನನಗೆ ಗೊತ್ತಿರಬೇಕಿತ್ತು.

ಕೌದಿಗಳು ಚೆನ್ನಾಗಿ ಬಂದವು. ಒಬ್ಬಳು ಕೆಂಪಿನ ಒಳಗೆ ಕೆಂಪು ಇಟ್ಟಿದ್ದಳು. ಇನ್ನೊಬ್ಬಳ ಕೌದಿ ಗದ್ದೆಯ ಬದುಗಳ ಹಾಗೆ ಅಡ್ಡಾದಿಡ್ಡಿ. ಟೆಂಪೋದಲ್ಲಿ ಹೇರಿಸಿಕೊಂಡು ಶಿರಸಿಗೆ ತಂದು ಮಾಳಿಗೆಯಲ್ಲಿ ಹಾಸಿದೆ. ಗೆಳತಿ ಕುರ್ಚಿಯಿಂದಿಳಿದು ನೆಲದ ಮೇಲೆ ಕೂತು, ಒಂದೊಂದರ ಮೇಲೂ ಎಡಗೈ ಆಡಿಸಿದಳು. ನಡುವಿಗೆ ಬಂದಾಗ ಅಂಗೈ ಒಂದು ಗಳಿಗೆ ನಿಲ್ಲಿಸಿ, ಒತ್ತಿ ನೋಡಿ, ಮುಂದೆ ಹೋಗುತ್ತಿದ್ದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕಿತ್ತು. ಕೆಲಸ ಕಂಡು ಖುಷಿಯಾಗಿದ್ದಾಳೆ ಪಾಪ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಕೌದಿಗಳನ್ನು ಮಡಿಸಿ ಮರದ ಹಲಗೆಯ ಮೇಲೆ ಒಟ್ಟಿ, ಮೇಲೆ ಬಟ್ಟೆ ಹೊದಿಸಿಟ್ಟೆವು. ಮಾಲು ತುಂಬುವ ಪೆಟ್ಟಿಗೆಗಳು ಹುಬ್ಬಳ್ಳಿಯಿಂದ ಬರುವುದಿತ್ತು. ಅವು ಬಂದ ಬೆಳಿಗ್ಗೆ ಹೊದಿಕೆ ತೆಗೆದವಳು ಕಿರುಚಿದೆ. ಇಲಿ ನುಗ್ಗಿತ್ತು. ಅಂಚು ಕಡಿದಿಲ್ಲ, ಮೂಲೆಯ ಹೂವು ಮುಟ್ಟಿಲ್ಲ. ಮೇಲಿನ ಮೂರ್ನಾಲ್ಕು ಕೌದಿಗಳಲ್ಲಿ ಸರಿಯಾಗಿ ನಡುವಿನ ತುಂಡನ್ನೇ, ಕತ್ತರಿ ಇಟ್ಟ ಹಾಗೆ, ಕೊರೆದಿತ್ತು. ಹಲಗೆಯ ಮೇಲೆ ಅಕ್ಕಿಯ ನುಚ್ಚು ಬಿದ್ದಿತ್ತು.

ಕೆಳಗಿನದನ್ನು ಎಳೆದು ಹೊಟ್ಟೆ ಒತ್ತಿದೆ. ಕಾಳು ಕೈಗೆ ಸಿಕ್ಕಿತು. ಅದರ ಕೆಳಗಿನದು, ಅದರಲ್ಲೂ. ಎಲ್ಲದರಲ್ಲೂ.

"ಯಾ ಅಲ್ಲಾ! ಒಬ್ಬಳಾದರೂ ನನ್ನ ಮಾತು ಕೇಳಬಾರದಿತ್ತಾ!"

ಹಿಂದೆ ನಗುವ ಸದ್ದು. ಗೆಳತಿ ಬಾಗಿಲಲ್ಲಿ ಗೋಡೆ ಹಿಡಿದು ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ಇಲಿಗೂ ಗೊತ್ತದೆ ಎಲ್ಲಿ ಊಟ ಇಟ್ಟಿದಾರೆ ಅಂತ. ನಿಂಗೊಬ್ಳಿಗೇ ಗೊತ್ತಾಗ್ಲಿಲ್ಲ!"

"ನಿನಗೆ ಗೊತ್ತಿತ್ತು. ಅವತ್ತು ಕೈ ಆಡಿಸಿದಾಗಲೇ ಗೊತ್ತಾಗಿತ್ತು ನಿನಗೆ."

"ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲೇ! ಮಾಲು ವಾಪಸ್ ಬಂದ್ರೆ ಹೆಂಗಸರ ಕೆಲಸ ಹೋಗ್ತದೆ. ನಿನಗೆಂತ, ನೀನು ಹೊಲಿಯೋದಿಲ್ಲವಲ್ಲ!"

ಅಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಬಂತು. ಅವಳ ನಗು ನಿಂತಿತು. ಎಡಗೈಯಿಂದ ಬಲಗೈಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡು ಮೆಲ್ಲಗೆ ಮೆಟ್ಟಿಲಿಳಿದು ಹೋದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಬಂದಳು, ತಲೆ ತಗ್ಗಿಸಿ ಉಂಡಳು.

"ನಂದು ತಪ್ಪಾಯ್ತು ಮಾರಾಯ್ತಿ" ಎಂದೆ ಕೊನೆಗೆ.

"ಹೇಳಿದ್ದು ಸುಳ್ಳೇನಲ್ಲ" ಎಂದಳು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಊರಿಗೆ ಫೋನು ಮಾಡಿದೆ. ಹೆಂಗಸರು ಮರುದಿನ ಬೆಳಗಿನ ಬಸ್ಸಿಗೆ ಬಂದರು. ತಮ್ಮ ತಮ್ಮ ಕೌದಿ ಎತ್ತಿಕೊಂಡು, ಬಾಯಿ ಬಿಗಿದುಕೊಂಡು, ಬ್ಲೇಡಿನಿಂದ ನಡುವಿನ ಹೊಲಿಗೆ ಬಿಚ್ಚತೊಡಗಿದರು. ದಾರ ಕಡಿಯದ ಹಾಗೆ ಒಂದೊಂದೇ ಹೊಲಿಗೆ ಎಬ್ಬಿಸಿ, ತುಂಡು ಮೇಲೆತ್ತಿ, ಅಕ್ಕಿ ಹೆಕ್ಕಿ ಸೆರಗಿಗೆ ಕಟ್ಟಿಕೊಂಡರು. ಇಲಿ ಕೊರೆದಲ್ಲಿಗೆ ಹೊಸ ತುಂಡು ಅಳೆದಿಟ್ಟರು. ಎಲ್ಲ ಆದ ಮೇಲೆ ಸೂಜಿಗಳನ್ನು ಬಟ್ಟೆಗೆ ಚುಚ್ಚಿ ಕೈ ಕಟ್ಟಿ ಕೂತರು.

"ಇನ್ನು ಮುಚ್ಚಿ" ಎಂದೆ.

ಯಾರೂ ಅಲುಗಲಿಲ್ಲ. ಅತ್ತಿಗೆ ಹೇಳಿದಳು: "ತೆಗೀರಿ ಅಂದ್ರಿ, ತೆಗ್ದ್ವಿ. ಮುಚ್ಚೂದು ಮಾತ್ರ ನಮ್ಮ ಕೈಲಿ ಆಗೂದಿಲ್ಲ ಆಪಾ. ತುಂಬಿದ್ದನ್ನ ಖಾಲಿ ಮಾಡಿ ಬಾಯಿ ಹೊಲಿಯೂದಂದ್ರೆ ಎಂತ? ಹೊದ್ದವ್ರ ಮನೇಲಿ ಹಸಿವು ಬಿದ್ರೆ ಯಾರ್ ಹೆಸ್ರಿಗೆ ಬತ್ತದೆ? ಬೆನ್ನ ಮೇಲೆ ನಮ್ಮ ಹೆಸ್ರೇ ಅದೆ."

ಹೆಸರು ಹಾಕಿಸಿದವಳು ನಾನೇ. ಕೆಲಸದ ಮರ್ಯಾದೆ ಹೊಲಿದವಳಿಗೆ ಸಲ್ಲಬೇಕು ಎಂದು ಎಷ್ಟು ಕಡೆ ದೊಡ್ಡ ದೊಡ್ಡ ಮಾತಾಡಿದ್ದೆನೋ! ಹೆಸರಿನ ಜತೆ ಹೊಣೆಯೂ ಬರುತ್ತದೆ ಎನ್ನುವುದನ್ನು ಅವರು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನೇ ಮುಚ್ಚಿಬಿಡೋಣವೆಂದು ಒಂದು ಸೂಜಿಗೆ ಕೈ ಹಾಕಿದೆ. ಯಾರೂ ತಡೆಯಲಿಲ್ಲ. ತಡೆಯದೆ ನೋಡುತ್ತ ಕೂತದ್ದೇ ಕೈ ಹಿಂತೆಗೆಯುವ ಹಾಗೆ ಮಾಡಿತು.

ಆಗ ಕೆಳಗಿನಿಂದ ಗೆಳತಿ ಬಂದಳು. ಎಡಗೈಯಲ್ಲಿ ಅವಳ ಕೌದಿ. ಮೆಟ್ಟಿಲ ಮೇಲೆ ಎಳೆದುಕೊಂಡೇ ತಂದಿದ್ದಳು. ಸಾಲಾಗಿ ಹಾಸಿದ್ದ ಕೌದಿಗಳ ಕೊನೆಗೆ ಅದನ್ನೂ ಕೊಡವಿ ಹಾಸಿ, ಅತ್ತಿಗೆಯ ಪಕ್ಕ ಕೂತಳು. ತಾನೂ ಆ ಸಾಲಿನವಳೇ ಎಂದು ನನಗೆ ತೋರಿಸಬೇಕಿತ್ತು, ಅಷ್ಟೇ. ನೆಲದ ತುಂಬ ತೆರೆದ ಹೊಟ್ಟೆಗಳು, ಒಂದೊಂದರಲ್ಲೂ ಚುಚ್ಚಿಟ್ಟ ಸೂಜಿ. ಬಣ್ಣ ಬಿಟ್ಟರೆ ಅವಳದ್ದು ಯಾವುದು, ಉಳಿದವರದ್ದು ಯಾವುದು ಎಂದು ದೂರದಿಂದ ಹೇಳುವ ಹಾಗಿರಲಿಲ್ಲ. ತಿಂಗಳುಗಟ್ಟಲೆ ಪೆಟ್ಟಿಗೆಯೊಳಗೆ ಒಂಟಿಯಾಗಿದ್ದ ಆ ಕೌದಿ ಆ ಸಾಲಿನಲ್ಲಿ ಅರ್ಧಕ್ಕೆ ನಿಂತದ್ದರಂತೆ ಕಾಣಲಿಲ್ಲ.

"ಹೀಗೇ ಕಳಿಸ್ತೇನೆ" ಎಂದೆ.

"ಹೀಗೇ ಅಂದ್ರೆ?" ಗೆಳತಿ ಕೇಳಿದಳು. ಆ ಜಗಳದ ಮೇಲೆ ಅವಳಾಗಿ ಆಡಿದ ಮೊದಲ ಮಾತು.

"ತೆರೆದೇ. ಮೂರು ಬದಿ ಹೊಲೀರಿ, ಒಂದು ಬದಿ ಬಿಡಿ. ದಾರ ಉದ್ದ ಉಳಿಸಿ ಸುತ್ತಿಡಿ. ಯಾರು ಹೊದೀತಾರೋ ಅವರೇ ತಮ್ಮ ಮನೆ ಕಾಳು ಹಾಕಿ ಮುಚ್ಚಲಿ."

"ಹೊಟ್ಟೆ ಬಿಚ್ಕೊಂಡು ಊರೂರು ತಿರುಗಿಸ್ತೀಯಾ? ಮಾನ ಹೋಗ್ತದೆ."

"ಹಸಿದು ಹೋಗೋದಕ್ಕಿಂತ ಹಸಿವು ಹೇಳ್ಕೊಂಡು ಹೋಗೋದು ಮೇಲಲ್ವಾ?"

ಅವಳು ಯೋಚಿಸಿದಳು. "ಅಲ್ಲಿ ಅಕ್ಕಿ ಸಿಗ್ತದಾ?"

"ಅವರು ಉಣ್ಣೋದನ್ನ ಹಾಕ್ಲಿ."

"ಬ್ರೆಡ್ಡು ತುರುಕಿದ್ರೆ?"

ಹೆಂಗಸರು ಕಿಸಕ್ಕೆಂದು ನಕ್ಕರು. ಬಿಗಿದುಕೊಂಡಿದ್ದ ಬಾಯಿಗಳು ಬಿಟ್ಟವು. ಹೊದೆಯುವವರು ಹಾಕದೇ ಇದ್ದರೆ ಎಂದು ಅತ್ತಿಗೆ ಕೇಳಿದಳು. "ಹಾಕ್ದೇ ಇದ್ರೆ ಅವ್ರ ಹೊಟ್ಟೆ, ಅವ್ರ ಹಣೆಬರಹ. ಕೇಳೂದು ನಮ್ಮ ಕೆಲಸ" ಎಂದಳು ಗೆಳತಿ. ಅತ್ತಿಗೆಗೆ ಅದು ಪೂರ್ತಿ ಹಿಡಿಸಲಿಲ್ಲ. ತನ್ನ ಕೌದಿಯನ್ನು ಹತ್ತಿರಕ್ಕೆಳೆದು, ಸೆರಗಿನ ಅಕ್ಕಿಯನ್ನು ಅದಕ್ಕೇ ವಾಪಸ್ ಹಾಕಿ, ಅಲ್ಲೇ ಕೂತು ಮುಚ್ಚಿದಳು. ಅದು ವಿದೇಶಕ್ಕೆ ಹೋಗುವುದಿಲ್ಲವಂತೆ, ಪಕ್ಕದ ಮನೆಯ ಬಾಣಂತಿಗಂತೆ. ಆಯಿತು ಎಂದೆ.

ಮಧ್ಯವರ್ತಿಗೆ ಫೋನಿನಲ್ಲಿ ಹೇಳಿದೆ. "ಅರೆಬರೆ ಮಾಲು ಯಾರು ತಗೋತಾರೆ ಮೇಡಂ?" ಎಂದರು.

"ಅರೆಬರೆ ಅಲ್ಲ ಸ್ವಾಮಿ. ಕೊನೆಯ ಹೊಲಿಗೆ ಕೊಂಡವರದ್ದು. ಅವರಿಗೆ ಹಾಗೇ ಹೇಳಿ ನೋಡಿ."

ಹೇಳಿದರು. ಅಂಗಡಿಯವರು ಫೋಟೋ ಕೇಳಿದರು, ಮತ್ತೊಂದು ಕೇಳಿದರು, ಸುಮ್ಮನಾದರು. ಕಾದು ಕಾದು ಸಾಕಾದ ಮೇಲೆ ಒಪ್ಪಿಗೆ ಬಂತು. ಒಂದೇ ತಕರಾರು: ಸೂಜಿ ಇಟ್ಟು ಕಳಿಸುವ ಹಾಗಿಲ್ಲ, ಲೋಹ ಹಿಡಿಯುವ ಯಂತ್ರದಲ್ಲಿ ಮಾಲು ಹಾಯುತ್ತದೆ. ಅದನ್ನು ಕೇಳಿ ಗೆಳತಿ, "ಸೂಜಿ ಇಲ್ಲದ ಮನೆ ಇರ್ತದಾ ಲೋಕದಲ್ಲಿ, ಹುಡುಕ್ಲಿ" ಎಂದಳು. ಪ್ರತಿ ಕೌದಿಗೂ ಒಂದು ಬಟ್ಟೆಯ ಚೀಟಿ ಕಟ್ಟಿದೆವು. ಮಾತು ಅವಳದ್ದು, ಭಾಷೆ ಬೇರೆಯದ್ದು: ಇದಕ್ಕೆ ಹೊಟ್ಟೆ ಇದೆ. ನಿಮ್ಮ ಮನೆಯಲ್ಲಿ ಉಣ್ಣುವ ಕಾಳು ಹಾಕಿ ಮುಚ್ಚಿ. ಇದನ್ನು ಹೊದೆಯುವವರೇ ಮುಚ್ಚಬೇಕು.

ಸೂಜಿಗಳನ್ನೆಲ್ಲ ತೆಗೆದು, ಒಂದೂ ಉಳಿದಿಲ್ಲವೆಂದು ಅಪ್ಪನ ಅಯಸ್ಕಾಂತ ಆಡಿಸಿ ನೋಡಿ ಪೆಟ್ಟಿಗೆ ಮುಚ್ಚಿದೆವು. ಲಾರಿ ಹೋದ ಮೇಲೆ ಮಾಳಿಗೆಯಲ್ಲಿ ಉಳಿದದ್ದು ಒಂದೇ ಸೂಜಿ, ಗೆಳತಿಯ ಕೌದಿಯದ್ದು.

ಆ ವಾರವೇ ಡಾಕ್ಟರಮ್ಮ ಅವಳ ಬೆರಳು ಹಿಡಿದು, "ಇನ್ನು ಇದಕ್ಕಿಂತ ಹೆಚ್ಚು ನಾನು ಆಸೆ ತೋರಿಸೋದಿಲ್ಲಮ್ಮ. ಮನೇಲೇ ವ್ಯಾಯಾಮ ಮಾಡ್ತಾ ಇರಿ" ಎಂದರು. ಗೆಳತಿ ತಲೆ ಆಡಿಸಿದಳು. ಆಸ್ಪತ್ರೆಯಿಂದ ಮನೆಗೆ ಆಟೋದಲ್ಲಿ ಬರುವಾಗ ಮಾರುಕಟ್ಟೆಯ ಹತ್ತಿರ ಮೆಣಸಿನಕಾಯಿ ವ್ಯಾಪಾರ ಮಾಡಿದಳು, ಮಾರುವವನಿಗೆ ಬೈದಳು. ನಾನೇ ಮುಖ ಆಚೆ ತಿರುಗಿಸಿ ಕೂತಿದ್ದೆ.

ಗೆಳತಿ ಊರಿಗೆ ಹೊರಡುವ ಬೆಳಿಗ್ಗೆ ತಗಡಿನ ಪೆಟ್ಟಿಗೆ ಹಗುರಾಗಿತ್ತು. ಕೌದಿ ನನ್ನ ಮಂಚದ ಮೇಲೆ ಹಾಸಿತ್ತು. ಅವಳು ಅಡುಗೆಮನೆಯ ಡಬ್ಬಿಯಿಂದ ಎಡಗೈಯಲ್ಲಿ ಒಂದು ಮುಷ್ಟಿ ಅಕ್ಕಿ ತಂದಳು. ಬನವಾಸಿ ಕಡೆಯ ಅಕ್ಕಿ, ದಪ್ಪ ಕಾಳು. ಹೊಟ್ಟೆಯ ತುಂಡು ಎತ್ತಿ ಹಾಕುವಾಗ ಅರ್ಧ ಆಚೆ ಈಚೆ ಚೆಲ್ಲಿತು. ನಾನು ಹೆಕ್ಕಲು ಬಗ್ಗಿದೆ.

"ಬಿಡು, ನಾನೇ ಹಾಕ್ತೇನೆ" ಎಂದು ಒಂದೊಂದೇ ಕಾಳು ಹೆಕ್ಕಿ ಹಾಕಿದಳು. ಎಡಗೈಗೆ ಅದು ಸುಲಭವಿರಲಿಲ್ಲ. ನಾನು ಕಾದೆ.

"ಇನ್ನು ಮುಚ್ಚು" ಎಂದಳು.

"ನಾನಾ? ನಿನ್ನ ಕೈ ಎದ್ದ ದಿನ ನೀನೇ..."

"ಅದು ಏಳೂದಿಲ್ಲವೇ." ನೆಟ್ಟಗೆ ಹೇಳಿದಳು. "ಹೊದೆಯೋರೇ ಮುಚ್ಚಬೇಕು ಅಂತ ಊರಿಗೆಲ್ಲ ಬರೆದು ಕಳಿಸಿದವಳು ನೀನು. ಇದನ್ನ ನೀನು ಹೊದಿ. ನೀನೇ ಮುಚ್ಚು."

"ನನ್ನ ಹೊಲಿಗೆ ನೋಡಿ ಕೋಳಿ ಕೆದಕಿದ ಹಾಗದೆ ಅಂತಿದ್ದೆ."

"ಈಗ್ಲೂ ಅಂತೇನೆ. ಬಂದು ನೋಡ್ತೇನೆ, ತಡಿ."

ಯಲ್ಲಾಪುರದ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಎಡಗೈ ಬೀಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನರ ನಡುವೆ ನಾನು ಅತ್ತುಬಿಟ್ಟೆ. ನಾಚಿಕೆಯೂ ಆಗಲಿಲ್ಲ.

ಕೆಲವು ತಿಂಗಳ ಮೇಲೆ ಮಧ್ಯವರ್ತಿ ಒಂದು ಫೋಟೋ ಕಳಿಸಿದರು. ಯಾವುದೋ ದೂರದ ಮನೆಯಲ್ಲಿ ಮಂಚದ ಮೇಲೆ ನಮ್ಮ ಕೆಂಪು ಕೌದಿ. ನಡುವೆ ದೊಡ್ಡ ದೊಡ್ಡ ವಕ್ರ ಹೊಲಿಗೆ. ಒಳಗೆ ಗೋಧಿ ಹಾಕಿದ್ದಾರಂತೆ. ಗೆಳತಿಗೆ ಫೋನು ಮಾಡಿ ಹೇಳಿದೆ. ಅವಳ ಹಿಗ್ಗು ಹೇಳತೀರದು. ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು ಹೇಳಿದ್ದು ನನಗೆ ಫೋನಿನಲ್ಲೇ ಕೇಳಿಸಿತು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ನಿಂದು ಮುಚ್ಚಿದ್ಯಾ?"

"ಆ ಬಣ್ಣದ ದಾರ ಸಿಕ್ಕಲಿಲ್ಲ."

"ಟೇಲರ್ ಮಗಳಿಗೆ ದಾರ ಸಿಕ್ಕಲಿಲ್ಲ! ಥೂ ಸುಳ್ಳಿ!"

ಸೂಜಿಯನ್ನು ಮಾತ್ರ ತೆಗೆದು ಅಪ್ಪನ ಸೂಜಿಮೆತ್ತೆಗೆ ಚುಚ್ಚಿದ್ದೇನೆ. ಅವಳ ಕೊನೆಯ ಹೊಲಿಗೆಯಿಂದ ದಾರದ ತುದಿ ಹಾಗೇ ಇಳಿಬಿದ್ದಿದೆ. ದಿನಾ ಅದೇ ಕೌದಿ ಹೊದ್ದು ಮಲಗುತ್ತೇನೆ. ಬೆಳಿಗ್ಗೆ ಎದ್ದಾಗ ಹಾಸಿಗೆಯಲ್ಲಿ, ಕೂದಲಲ್ಲಿ, ಒಮ್ಮೊಮ್ಮೆ ಬೆನ್ನಿನಡಿ ಅಕ್ಕಿ ಚೆಲ್ಲಿರುತ್ತದೆ. ಕೂತು ಹೆಕ್ಕಿ ಹೆಕ್ಕಿ ಮತ್ತೆ ಹೊಟ್ಟೆಯೊಳಗೆ ಹಾಕುತ್ತೇನೆ. ಇಲಿಯ ಕಾಟಕ್ಕೆ ಬೆಕ್ಕು ಸಾಕಿದ್ದೇನೆ. ಮುಚ್ಚುವುದು ಒಂದು ಗಳಿಗೆಯ ಕೆಲಸ.

ಗೆಳತಿ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮುಚ್ಚಿದ್ಯಾ ಎನ್ನುತ್ತಾಳೆ. ಇಲ್ಲ ಎನ್ನುತ್ತೇನೆ. ಹೊಟ್ಟೆತುಂಬ ಬೈದು, "ತಡಿ, ನಾನೇ ಬಂದು ಎದುರಿಗೆ ಕೂತು ಮುಚ್ಚಿಸ್ತೇನೆ" ಎನ್ನುತ್ತಾಳೆ.

"ಬಾ" ಎನ್ನುತ್ತೇನೆ.